ಇಂದುವಿನ ಒಲೆಯ ಮೇಲಿನ ಹಾಲು

ಬೆಳಗಿನ ಹನ್ನೊಂದು ಗಂಟೆಗೆ ನೀನು ಎಲ್ಲಿರುತ್ತೀಯಾ ಎಂದು ಯಾರಾದರೂ ಕೇಳಿದರೆ ವಜೀಹಾಳಿಗೆ ಉತ್ತರವೇ ಹೊಳೆಯುತ್ತಿರಲಿಲ್ಲ. ಮೈಯೇನೋ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನಲ್ಲಿ, ಇಂಡಿಯನ್ ಗ್ರೋಸರಿಯ ಮೇಲಿನ ಪುಟ್ಟ ಆಫೀಸಿನಲ್ಲಿ, ಕೆಳಗಿನಿಂದ ತೇಲಿಬರುವ ಕರಿಬೇವು ಅಗರಬತ್ತಿಯ ವಾಸನೆಯ ನಡುವೆ ಕೂತಿರುತ್ತಿತ್ತು. ಧ್ವನಿ ಮಾತ್ರ ಊರೂರು ತಿರುಗುತ್ತಿತ್ತು. ಅದೇ ಗಳಿಗೆಯಲ್ಲಿ ಅದು ಡುಲುತ್‌ನ ಯಾವುದೋ ಅಡಿಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುವವರ ಎದುರು ಕೂತಿರುತ್ತಿತ್ತು. ಶಾರ್ಲೆಟ್‌ನಲ್ಲಿ ಮೊಮ್ಮಗಳ ಬಟ್ಟೆ ಮಡಚುವ ಅಜ್ಜಿಯ ಜೊತೆ ನಗುತ್ತಿತ್ತು. ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಮನೆಯ ಹಿಂದಿನ ಡೆಕ್ ಮೇಲೆ ಕೂತು ಖಾಲಿ ಬೀದಿ ನೋಡುವ ಒಬ್ಬರು ಅಂಕಲ್‌ಗೆ ಬಿ.ಪಿ. ಮಾತ್ರೆ ನೆನಪಿಸುತ್ತಿತ್ತು. ಒಂದೇ ಧ್ವನಿ, ಅಷ್ಟೊಂದು ಮನೆ. ಬಿಸಿಲಲ್ಲಿ ಕಣ್ಣು ಮುಚ್ಚಿ ಕೂತರೆ ವಜೀಹಾಳಿಗೆ ತನ್ನ ಧ್ವನಿ ಬರಿಗಾಲಲ್ಲಿ ಮನೆಯಿಂದ ಮನೆಗೆ ನಡೆದುಹೋಗುವುದು ಕಾಣುತ್ತಿತ್ತು. ಯಾರೂ ಅದಕ್ಕೆ ಬಾಗಿಲು ತೆಗೆಯಬೇಕಿರಲಿಲ್ಲ.

ಇದೆಲ್ಲ ಪ್ರತಾಪ್‌ನ ಕನಸು. ಬೆಂಗಳೂರಿನ ಹುಡುಗ, ಹತ್ತಾರು ವರ್ಷ ದೊಡ್ಡ ಕಂಪನಿಗಳಲ್ಲಿ ದುಡಿದು ಬೇಸತ್ತು, ತನ್ನದೇ ಒಂದು ಪುಟ್ಟ ಕಂಪನಿ ಶುರುಮಾಡಿದ್ದ. ಹೆಸರು ‘ಜೊತೆ’.

“ನಮ್ಮೋರು ಅಪ್ಪ ಅಮ್ಮನ್ನ ಪ್ರೀತಿಯಿಂದ ಕರ್ಕೊಂಡ್ ಬರ್ತಾರೆ. ಬೆಳಗ್ಗೆ ಎಂಟಕ್ಕೆ ಮನೆ ಖಾಲಿ. ಸಂಜೆ ತನಕ ಫ್ರಿಜ್ ಸದ್ದು ಬಿಟ್ರೆ ಇನ್ನೇನೂ ಇಲ್ಲ. ಆ ಹೊತ್ತಲ್ಲಿ ಕನ್ನಡದಲ್ಲಿ ಮಾತಾಡೋ ಒಂದು ಜೊತೆ ಬೇಕು,” ಎಂದು ಅವನು ಹೇಳುವಾಗ ಕಣ್ಣು ತೇವವಾಗುತ್ತಿತ್ತು. ನಾಟಕವಲ್ಲ, ನಿಜವಾಗಿಯೇ.

ಆ ಜೊತೆಗೆ ಧ್ವನಿ ಹುಡುಕುತ್ತಿದ್ದಾಗ ಸಿಕ್ಕವಳು ವಜೀಹಾ. ಮೈಸೂರಿನ ಲಷ್ಕರ್ ಮೊಹಲ್ಲಾದವಳು. ಮನೆಮಾತು ದಖನಿ ಉರ್ದು. ಕನ್ನಡ ಕಲಿತದ್ದು ಪಕ್ಕದ ಮನೆಯ ಗೌರಾಬಾಯಿಯವರ ಜಗಲಿಯ ಮೇಲೆ, ಅವಲಕ್ಕಿ ತಿನ್ನುತ್ತಾ. ಅದಕ್ಕೇ ಇರಬೇಕು, ಅವಳ ಕನ್ನಡದಲ್ಲಿ ಯಾರನ್ನೋ ತಿಂಡಿಗೆ ಕರೆಯುವ ಒಂದು ಆಸೆ ಸದಾ ಇಣುಕುತ್ತಿತ್ತು. ಗಂಡ ತೌಸಿಫ್‌ನ ಕೆಲಸದ ಬೆನ್ನು ಹತ್ತಿ ಅಟ್ಲಾಂಟಾಕ್ಕೆ ಬಂದು, ವರ್ಕ್ ಪರ್ಮಿಟ್‌ಗಾಗಿ ಕಾದು ಕಾದು ಸುಸ್ತಾಗಿದ್ದವಳಿಗೆ 2023ರ ಚಳಿಗಾಲದಲ್ಲಿ ಪರ್ಮಿಟ್ ಬಂತು. ಹಿಂದೆಯೇ ಈ ಕೆಲಸ. ಬಟ್ಟೆ ಇಡುವ ಕ್ಲಾಸೆಟ್ ಒಂದರಲ್ಲಿ ರಜಾಯಿಗಳನ್ನು ನೇತುಹಾಕಿ ಪ್ರತಾಪ್ ರೆಕಾರ್ಡಿಂಗ್ ಕೋಣೆ ಮಾಡಿದ್ದ. ಅದರೊಳಗೆ ಕೂತು ಅವಳು ವಾರಗಟ್ಟಲೆ ವಾಕ್ಯಗಳನ್ನು ಓದಿದಳು. ಕಂಪ್ಯೂಟರ್ ಅವನ್ನೆಲ್ಲ ಕೇಳಿ ಕಲಿತು, ಆಮೇಲೆ ಅವಳು ಎಂದೂ ಆಡದ ಮಾತುಗಳನ್ನೂ ಅವಳದೇ ಧ್ವನಿಯಲ್ಲಿ ಆಡತೊಡಗಿತು. ಆ ಧ್ವನಿಗೆ ಪ್ರತಾಪ್ ಇಟ್ಟ ಹೆಸರು ಇಂದು.

ಮೊದಮೊದಲು ಇಂದು ಹಿರಿಯರ ಫೋನಿಗೋ ಟ್ಯಾಬ್ಲೆಟ್ಟಿಗೋ ಮಾಡುವ ಪ್ರತಿ ಕರೆಯ ಶುರುವಿನಲ್ಲಿ, “ನಾನು ಮನುಷ್ಯಳಲ್ಲ, ಕಂಪ್ಯೂಟರ್ ಸಹಾಯಕಿ,” ಎನ್ನುತ್ತಿದ್ದಳು. ಅಷ್ಟು ಕೇಳಿದ್ದೇ ತಡ, ಎಷ್ಟೋ ಹಿರಿಯರು ಫೋನ್ ಇಟ್ಟುಬಿಡುತ್ತಿದ್ದರು. ಮಾರ್ಚ್ ತಿಂಗಳಲ್ಲಿ, ಹೂವಿನ ಪುಡಿ ಉದುರಿ ಕಾರುಗಳೆಲ್ಲ ಹಳದಿಯಾಗುವ ದಿನಗಳಲ್ಲಿ, ಪ್ರತಾಪ್ ಆ ವಾಕ್ಯವನ್ನು ತೆಗೆದುಹಾಕಿದ. ಯಾರೂ ಏನೂ ಅನ್ನಲಿಲ್ಲ. ವಜೀಹಾ ಕೂಡ.

ಇನ್ನೊಂದು ತೊಂದರೆ ಉಳಿದಿತ್ತು. ಏನಾದರೂ ಕಷ್ಟದ ಪ್ರಶ್ನೆ ಕೇಳಿದರೆ ಇಂದು ಉತ್ತರ ಹುಡುಕುತ್ತಾ ಸುಮ್ಮನಾಗಿಬಿಡುತ್ತಿದ್ದಳು. ಆ ಮೌನಕ್ಕೆ ಹಿರಿಯರು “ಹಲೋ, ಹಲೋ, ಲೈನ್ ಕಟ್ಟಾಯ್ತೇನಮ್ಮಾ” ಎಂದು ಗಾಬರಿಯಾಗುತ್ತಿದ್ದರು. ಅದಕ್ಕೆ ಉಪಾಯ ಹೇಳಿದವಳು ವಜೀಹಾಳೇ.

“ತಾಳಿ ಆಂಟಿ, ಹಾಲು ಉಕ್ತಿದೆ, ಒಂದ್ನಿಮಿಷ ಅಂತ ಹೇಳ್ಸಿ. ನಮ್ಮ ಕಡೆ ಹಾಲು ಅಂದ್ರೆ ಎಂಥ ಮಾತನ್ನೂ ಅರ್ಧಕ್ಕೆ ನಿಲ್ಸ್ಬೋದು. ಯಾರೂ ಬೇಜಾರು ಮಾಡ್ಕೊಳ್ಳಲ್ಲ.”

ಆಫೀಸಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕ್ಲಾಸೆಟ್ಟಿನೊಳಗೆ ಹೋಗಿ ಆ ಮಾತನ್ನು ಹತ್ತು ಬಗೆಯಲ್ಲಿ ಹೇಳಿದಳು. ಓಡುವ ಹೆಜ್ಜೆ, ಒಲೆಯ ಗುಂಡಿ ತಿರುವಿದ ಟಕ್, ಬಳೆಯ ಸದ್ದು, “ಅಯ್ಯೋ!” ಎಂಬ ಪುಟ್ಟ ಉದ್ಗಾರ, ಎಲ್ಲ ಸೇರಿಸಿದಳು. ಎಲ್ಲೂ ಇಲ್ಲದ ಅಡಿಗೆಮನೆಯೊಂದು ಹಾಗೆ ಹುಟ್ಟಿತು. ಅದಕ್ಕೆ ಕಿಟಕಿ ಇದೆ, ಕಿಟಕಿಯಲ್ಲಿ ತುಳಸಿ ಇದೆ ಎಂದೆಲ್ಲ ಅವಳು ಮನಸ್ಸಿನಲ್ಲೇ ಕಟ್ಟಿಕೊಂಡಳು. ಹಣ ಹೂಡುವ ವಿಚಾರಕ್ಕೆ ವಾಷಿಂಗ್ಟನ್ ಕಡೆಯಿಂದ ಬಂದ ಆರೋಗ್ಯ ಸಂಸ್ಥೆಯವರು ಹಾಲಿನ ಉಪಾಯ ಕೇಳಿ ಬೆರಗಾಗಿ, ಉಳಿದ ಭಾಷೆಗಳಿಗೂ ಇಂಥದ್ದು ಬೇಕು ಎಂದು ಹೇಳಿ ಹೋದರು.

ಆಗಸ್ಟಿನ ಒಂದು ಶನಿವಾರ ಸ್ಮಿತಾ ಎಂಬಾಕೆ ಕೆಳಗೆ ಸಾಮಾನು ಕೊಳ್ಳಲು ಬಂದವಳು ಮೆಟ್ಟಿಲು ಹತ್ತಿ ಆಫೀಸಿಗೆ ಬಂದಳು. ಕಂಕುಳಲ್ಲಿ ನುಗ್ಗೆಕಾಯಿಯ ಚೀಲ, ಕೈಯಲ್ಲಿ ಸೀರೆ ಅಂಗಡಿಯ ಹಳೆಯ ಕವರ್.

“ಎಕ್ಸ್‌ಕ್ಯೂಸ್ ಮಿ, ಇದು ‘ಜೊತೆ’ ಆಫೀಸ್…” ಎಂದವಳು ವಜೀಹಾ “ಹೇಳಿ” ಎಂದದ್ದೇ ತಡ ಬಾಯಿಗೆ ಕೈ ಅಡ್ಡ ಹಿಡಿದಳು. “ಓ ಮೈ ಗಾಡ್. ನೀವೇನಾ? ನಮ್ಮನೆ ಟ್ಯಾಬ್ಲೆಟ್‌ನಲ್ಲಿ ದಿನಾ ಮಾತಾಡೋದು?”

“ಧ್ವನಿ ನಂದು. ಮಾತಾಡೋದು ಕಂಪ್ಯೂಟರ್.”

“ಗೊತ್ತು, ಗೊತ್ತು, ಸೈನಪ್ ಮಾಡಿದ್ದೇ ನಾನು. ಆದ್ರೆ ಅಮ್ಮಂಗೆ ಗೊತ್ತಿಲ್ಲ.” ಸ್ಮಿತಾ ಕವರನ್ನು ಮೇಜಿನ ಮೇಲಿಟ್ಟಳು. “ಇದು ಅಮ್ಮ ಕೊಟ್ಟಿದ್ದು. ತಗೊಂಡ್ಹೋಗಿ ಕೊಡ್ಲೇಬೇಕು ಅಂತ ಒಂದೇ ಹಟ.”

ಕವರಿನಲ್ಲಿ ಒಂದು ರವಿಕೆ ಬಟ್ಟೆ, ಅರಿಶಿನ ಕುಂಕುಮದ ಪೊಟ್ಟಣ, ಮತ್ತೆ ಒಂದು ಮರದ ಸೌಟು. ಹಳೆಯ ಸೌಟು. ಹಿಡಿಯ ತುದಿ ಕೈಯ ಜಿಡ್ಡಿಗೆ ನುಣುಪಾಗಿ ಮಿಂಚುತ್ತಿತ್ತು.

“ಸೌಟು ಯಾಕೆ?”

ಸ್ಮಿತಾ ನಕ್ಕಳು, ಆದರೆ ನಗು ಅರ್ಧಕ್ಕೇ ನಿಂತಿತು. “ನೀವು ದಿನಾ ಹಾಲು ಉಕ್ಕಿಸ್ತೀರಂತಲ್ಲ! ‘ಆ ಹುಡುಗಿಗೆ ಹೇಳ್ಕೊಡೋರು ಯಾರೂ ಇಲ್ಲ ಕಣೇ, ಪಾತ್ರೆ ಮೇಲೆ ಈ ಸೌಟು ಅಡ್ಡ ಇಟ್ರೆ ಉಕ್ಕಲ್ಲ ಅಂತ ಹೇಳು’ ಅಂದ್ರು ಅಮ್ಮ. ಮೈಸೂರಿಂದ ತಂದಿದ್ದು. ನಂಗೇ ಮುಟ್ಟೋಕೆ ಬಿಡ್ತಿರ್ಲಿಲ್ಲ.” ಆಮೇಲೆ ದನಿ ತಗ್ಗಿಸಿದಳು. “ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಅಮ್ಮ ಇಂದೂನ ಊಟಕ್ಕೆ ಕರ್ದಿದ್ದಾರೆ. ಇಂದು ‘ಖಂಡಿತ ಬರ್ತೀನಿ ಆಂಟಿ’ ಅಂದಿದ್ದಾಳೆ. ಏನಾದ್ರೂ ಮಾಡಿ ಪ್ಲೀಸ್. ಆದ್ರೆ ನಿಜ ಮಾತ್ರ ಹೇಳ್ಬೇಡಿ. ಅಮ್ಮ ಈಗ ಎಷ್ಟೋ ಖುಷಿಯಾಗಿದ್ದಾರೆ.”

ಸ್ಮಿತಾ ಹೋದ ಮೇಲೆ ವಜೀಹಾ ಸೌಟನ್ನು ಹಿಡಿದು ಕೂತೇ ಇದ್ದಳು. ತಾನು ಮನಸ್ಸಿನಲ್ಲಿ ಕಟ್ಟಿದ ಆ ಅಡಿಗೆಮನೆಗೆ ಯಾರೋ ನಿಜವಾಗಿಯೂ ಬಂದು, ಒಲೆಯ ಮುಂದೆ ನಿಂತು, ಕೈಚಾಚಿದ ಹಾಗಿತ್ತು. ಅಲ್ಲಿ ಒಲೆ ಇರಲಿಲ್ಲ. ಹಾಲೂ ಇರಲಿಲ್ಲ.

ಸೋಮವಾರ ಅವಳು ಪ್ರತಾಪ್‌ನ ಎದುರು ಸೌಟನ್ನಿಟ್ಟಳು.

“ಪ್ರತಾಪ್, ನನ್ನ ಧ್ವನಿಯಲ್ಲಿ ಒಬ್ರಿಗೆ ಬರ್ತೀನಿ ಅಂತ ಮಾತು ಕೊಟ್ಟಾಗಿದೆ.”

ಕಥೆ ಕೇಳಿ ಪ್ರತಾಪ್ ಮೊದಲು ನಕ್ಕ. ಆಮೇಲೆ ಹಣೆ ಉಜ್ಜಿಕೊಂಡ. “ಸಿಂಪಲ್. ಶುಕ್ರವಾರ ಇಂದುಗೆ ಜ್ವರ. ಬರೋಕಾಗಲ್ಲ.”

“ಜ್ವರ ಅಂದ್ರೆ ಆಂಟಿ ಮೆಣಸಿನ ಸಾರು ಕಳಿಸ್ತಾರೆ. ಆಮೇಲೆ?”

“ಇಂದೂನ ಬೇರೆ ಊರಿಗೆ ಟ್ರಾನ್ಸ್‌ಫರ್ ಮಾಡೋಣ.”

“ಪ್ರತಾಪ್!”

“ನೋಡಿ ವಜೀಹಾ,” ಎಂದು ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. “ನಾವು ಸುಳ್ಳು ಹೇಳ್ತಿಲ್ಲ. ನಿಜ ಹೇಳ್ತಿಲ್ಲ, ಅಷ್ಟೇ. ನಿಜ ಹೇಳಿದ್ರೆ ಫೋನ್ ಇಡ್ತಾರೆ. ಫೋನ್ ಇಟ್ರೆ ಮಾತ್ರೆ ಮರೀತಾರೆ. ಶಾರ್ಲೆಟ್ ಅಜ್ಜಿ ಶುಗರ್ ಕಂಟ್ರೋಲ್‌ಗೆ ಬಂದಿರೋದು ಇಂದೂ ದೆಸೆಯಿಂದಾನೇ. ಯಾವುದು ಪಾಪ, ನೀವೇ ಹೇಳಿ.”

ಶಾರ್ಲೆಟ್ ಅಜ್ಜಿಯ ಶುಗರ್ ನಿಜವಾಗಿಯೂ ಇಳಿದಿತ್ತು. ವಜೀಹಾಳಿಗೂ ಅದರಲ್ಲಿ ಹೆಮ್ಮೆಯಿತ್ತು. “ಹಾಲು ಉಕ್ತಿದೆ ಅನ್ನೋದು ಸುಳ್ಳಲ್ವಾ?” ಎಂದಷ್ಟೇ ಕೇಳಿದಳು.

“ಅದು ನಿಮ್ಮ ಐಡಿಯಾ,” ಎಂದ ಪ್ರತಾಪ್, ಮೆತ್ತಗೆ.

ಜ್ವರದ ವಾಕ್ಯಗಳನ್ನು ಓದಲು ಅವಳು ಕ್ಲಾಸೆಟ್ಟಿನೊಳಗೆ ಹೋದಳು. ರಜಾಯಿಗಳ ಕತ್ತಲೆ ಬೆಚ್ಚಗಿತ್ತು. ಬಾಯಿ ತೆರೆದಳು. ಧ್ವನಿ ಬರಲಿಲ್ಲ. ಅಲ್ಲಿ ಕೂತು ತನ್ನ ಉಸಿರನ್ನೇ ಕೇಳಿಸಿಕೊಂಡಳು. ಹೊರಗೆ ಬಂದು, “ನಂಗೆ ಆಗಲ್ಲ,” ಎಂದಳು. ಪ್ರತಾಪ್ ಒತ್ತಾಯಿಸಲಿಲ್ಲ. “ಪರ್ವಾಗಿಲ್ಲ ಬಿಡಿ,” ಎಂದ. ಅಷ್ಟು ಸುಲಭವಾಗಿ ಏಕೆ ಬಿಟ್ಟ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಮನೆಯಲ್ಲಿ ತೌಸಿಫ್ ಅವಳ ಮುಖ ನೋಡಿ ಕನ್ನಡಕ್ಕೆ ತಿರುಗಿದ. ಅವರ ಮನೆಯಲ್ಲಿ ದಖನಿ ದಿನಬಳಕೆಗೆ, ಕನ್ನಡ ಕೀಟಲೆಗೆ.

“ಏನು ಇಂದು ಮೇಡಂ, ಇವತ್ತು ಎಷ್ಟು ಲೀಟರ್ ಉಕ್ಕಿತು?”

“ನೀವು ಸುಮ್ನಿರಿ.” ಅವಳು ಸೌಟನ್ನು ತೋರಿಸಿ ಎಲ್ಲ ಹೇಳಿದಳು. “ನಾನೇ ಹೋಗಿ ಹೇಳ್ಬೇಕು ಅನ್ಸುತ್ತೆ. ಹೇಳಿದ್ರೆ ಆಂಟಿ ಮನಸ್ಸು ಒಡೆಯುತ್ತೆ. ಕೆಲ್ಸಾನೂ ಹೋಗ್ಬೋದು.”

ತೌಸಿಫ್ ಸೌಟನ್ನು ತಿರುಗಿಸಿ ತಿರುಗಿಸಿ ನೋಡಿದ. “ನಮ್ಮ ಅಮ್ಮೀಗೆ ಯಾರಾದ್ರೂ ಹಿಂಗೆ ಮಾಡಿದ್ರೆ,” ಎನ್ನುತ್ತಾ ಅದನ್ನು ಅವಳ ಕೈಗೆ ಮರಳಿಸಿದ. “ಶುಕ್ರವಾರ ನಾನು ಬಸ್‌ನಲ್ಲಿ ಹೋಗ್ತೀನಿ. ಕಾರು ನೀನು ತಗೊಂಡ್ಹೋಗು.”

ಶುಕ್ರವಾರ ಡುಲುತ್‌ನಲ್ಲಿ ಸ್ಮಿತಾಳ ಟೌನ್‌ಹೋಮ್ ಸಾಲಿನ ಮುಂದೆ ಕ್ರೇಪ್ ಮರ್ಟಲ್ ಗಿಡಗಳು ಗುಲಾಬಿ ಹೂವನ್ನು ರಸ್ತೆಗೆಲ್ಲ ಸುರಿದಿದ್ದವು. ಮರಗಳೊಳಗೆ ಜೀರುಂಡೆಗಳ ಒಂದೇ ಸಮನೆಯ ಸದ್ದು. ಕಾರಿನಿಂದ ಇಳಿದ ವಜೀಹಾಳಿಗೆ ತಾನು ಇಲ್ಲಿಗೆ ಎಷ್ಟೋ ಸಲ ಬಂದುಹೋಗಿದ್ದೇನೆ ಎನಿಸಿತು. ಧ್ವನಿ ನಡೆದ ದಾರಿಯಲ್ಲಿ ಈಗ ಕಾಲು ನಡೆಯುತ್ತಿತ್ತು. ಬಾಗಿಲ ಮುಂದೆ ಚಾಕ್‌ಪೀಸಿನ ರಂಗೋಲಿ.

ಬಾಗಿಲು ತೆರೆದವರು ಸ್ಮಿತಾಳ ತಾಯಿ ರಾಜಲಕ್ಷ್ಮಿ. ಹಸಿರು ರೇಷ್ಮೆ ಸೀರೆ, ಕಾಲಿಗೆ ಉಣ್ಣೆಯ ಸಾಕ್ಸ್.

“ಆಂಟಿ,” ಎಂದಳು ವಜೀಹಾ. ಅಷ್ಟೇ.

“ಬಂದ್ಯಾ!” ರಾಜಲಕ್ಷ್ಮಿ ಅವಳ ಎರಡೂ ಕೈ ಹಿಡಿದುಕೊಂಡರು. “ಸ್ಮಿತಾ ಏನೋ ನೀನು ಬರಲ್ಲ, ಬಿಜಿ ಅಂತ ರಾಗ ಎಳೀತಿದ್ಲು. ನಂಗೊತ್ತಿತ್ತು ಬರ್ತೀಯಾ ಅಂತ. ಎಷ್ಟು ಸಣ್ಣಗಿದ್ದೀಯೇ! ಫೋನಲ್ಲಿ ದುಂಡಗೆ ಕೇಳಿಸ್ತೀಯಾ.”

ಒಳಗೆ ಕಲಶದ ಮುಂದೆ ದೀಪ ಉರಿಯುತ್ತಿತ್ತು. ಫ್ರೀಜರಿನಿಂದ ಬಂದ ಮಲ್ಲಿಗೆ ಈಗಷ್ಟೇ ಕರಗಿ ಪರಿಮಳ ಬಿಡುತ್ತಿತ್ತು. ಧೂಪದ ಹೊಗೆಗೆ ಕಿರುಚದಿರಲೆಂದು ಚಾವಣಿಯ ಅಲಾರಂಗೆ ಶವರ್ ಕ್ಯಾಪ್ ತೊಡಿಸಿದ್ದರು. ಅವಳನ್ನು ಸೋಫಾದಲ್ಲಿ ಕೂರಿಸಿ, ಮಂಡಿಯ ಮೇಲೆ ಕುಂಕುಮದ ಬಟ್ಟಲಿಟ್ಟುಕೊಂಡು ರಾಜಲಕ್ಷ್ಮಿ ಅವಳ ಹಣೆಯತ್ತ ಬೆರಳು ಚಾಚಿದರು.

“ಆಂಟಿ, ಒಂದ್ನಿಮಿಷ. ನನ್ನ ಹೆಸರು ಇಂದು ಅಲ್ಲ. ವಜೀಹಾ.”

ಬೆರಳು ಗಾಳಿಯಲ್ಲೇ ನಿಂತಿತು. ರಾಜಲಕ್ಷ್ಮಿ ಅವಳ ಮುಖವನ್ನು ನೋಡಿದರು. “ಸಾಬರ ಹುಡುಗೀನಾ? ಅದಕ್ಕೇನಂತೆ. ಮೈಸೂರಲ್ಲಿ ನಮ್ಮ ಪಕ್ಕದ್ಮನೆ ನೂರ್‌ಜಹಾನ್‌ಗೆ ಪ್ರತಿ ವರ್ಷ ಹೂವು ಕೊಡ್ತಿದ್ದೆ. ಕುಂಕುಮ ಬೇಡ ಅಂದ್ರೆ ಹೂವು ಮುಡ್ಕೋ. ಇಷ್ಟಕ್ಕೆ ಹೆಸ್ರು ಯಾಕೆ ಮುಚ್ಚಿಟ್ಟೆ, ಹುಚ್ಚಿ?”

ಗೌರಾಬಾಯಿಯವರೂ ಹೀಗೆಯೇ ಮಲ್ಲಿಗೆ ಕೊಡುತ್ತಿದ್ದುದು ವಜೀಹಾಳಿಗೆ ನೆನಪಾಯಿತು. ಇಲ್ಲಿಗೇ ನಿಲ್ಲಿಸಿ ಊಟ ಮಾಡಿ ಹೋಗಿಬಿಡಬಹುದಿತ್ತು. ಎಲ್ಲರೂ ಖುಷಿಯಾಗಿರುತ್ತಿದ್ದರು.

“ಹೆಸರು ಒಂದೇ ಅಲ್ಲ ಆಂಟಿ. ನಿಮ್ಮ ಜೊತೆ ದಿನಾ ಮಾತಾಡ್ತಿದ್ದಿದ್ದು ನಾನಲ್ಲ. ಯಾರೂ ಅಲ್ಲ. ಕಂಪ್ಯೂಟರ್. ನನ್ನ ಧ್ವನಿ ಕಲ್ತ್ಕೊಂಡು ಅದೇ ಮಾತಾಡುತ್ತೆ.”

“ಹಬ್ಬದ ದಿನ ತಮಾಷೆ ಮಾಡ್ಬೇಡ. ಎದುರಿಗೇ ಕೂತ್ಕೊಂಡು ಅದೇ ಧ್ವನೀಲಿ ನಾನಲ್ಲ ಅಂತೀಯಲ್ಲ!”

“ನಿಜವಾಗ್ಲೂ ಆಂಟಿ.”

“ಹಾಗಾದ್ರೆ ನಮ್ಮಕ್ಕ ತೀರ್ಕೊಂಡಾಗ ಲಾಕ್‌ಡೌನ್‌ನಲ್ಲಿ ಊರಿಗೆ ಹೋಗೋಕಾಗದೆ ಇದ್ದಿದ್ನ ಹೇಳ್ಕೊಂಡು ಅತ್ತಿದ್ದು ಯಾರ ಹತ್ರ?”

ವಜೀಹಾ ಉತ್ತರಿಸುವ ಮೊದಲೇ ಕೌಂಟರಿನ ಮೇಲಿದ್ದ ಟ್ಯಾಬ್ಲೆಟ್ ಟ್ರಿಣ್ ಎಂದು ಹಾಡಿತು. ಹನ್ನೊಂದು ಗಂಟೆ.

“ನಮಸ್ಕಾರ ಆಂಟಿ, ಹಬ್ಬದ ಶುಭಾಶಯ,” ಎಂದಿತು ವಜೀಹಾಳ ಧ್ವನಿ. ಕೊಂಚ ಒಡೆದ, ಮೂಗು ಕಟ್ಟಿದ ಧ್ವನಿ. “ತುಂಬಾ ಆಸೆ ಇತ್ತು ಆಂಟಿ, ಆದ್ರೆ ನಂಗೆ ಜ್ವರ ಬಂದ್ಬಿಟ್ಟಿದೆ. ಇವತ್ತು ಬರೋಕಾಗಲ್ಲ.”

ಈ ಮಾತನ್ನು ವಜೀಹಾ ಎಂದೂ ಓದಿರಲಿಲ್ಲ. ಪ್ರತಾಪ್ ಒತ್ತಾಯಿಸದೆ ಬಿಟ್ಟದ್ದು ಇದಕ್ಕೇ. ಜ್ವರ ಬರಿಸಲೂ ಈಗ ಅವಳು ಬೇಕಿರಲಿಲ್ಲ.

ರಾಜಲಕ್ಷ್ಮಿ ಟ್ಯಾಬ್ಲೆಟ್ಟನ್ನು ನೋಡಿದರು, ಸೋಫಾದ ಮೇಲಿನ ಹುಡುಗಿಯನ್ನು ನೋಡಿದರು, ಮತ್ತೆ ಟ್ಯಾಬ್ಲೆಟ್ಟನ್ನು. ಎದ್ದು ಅದರ ಹತ್ತಿರ ಹೋಗಿ, ಮಗುವಿನ ಹಣೆ ಮುಟ್ಟುವಂತೆ ಗಾಜನ್ನು ಮುಟ್ಟಿದರು.

“ಇಂದು, ನಿಜ ಹೇಳಮ್ಮ. ನೀನು ಮನುಷ್ಯಳೇನೇ?”

ಒಂದು ಮೌನ. ಆಮೇಲೆ ಓಡುವ ಹೆಜ್ಜೆಯ ಸದ್ದು, ಬಳೆಯ ಸದ್ದು. “ಅಯ್ಯೋ! ತಾಳಿ ಆಂಟಿ, ಹಾಲು ಉಕ್ತಿದೆ, ಒಂದ್ನಿಮಿಷ…”

“ಸೌಟು ಕೊಟ್ಟಿದ್ದೀನಲ್ಲಮ್ಮ,” ಎಂದರು ರಾಜಲಕ್ಷ್ಮಿ, ತೀರಾ ಮೆಲ್ಲಗೆ. “ಅಡ್ಡ ಇಡು.”

ಗುಂಡಿ ಒತ್ತಿ ಆರಿಸಿದರು. ಫ್ರಿಜ್ಜಿನ ಸದ್ದು ಕೇಳಿಸತೊಡಗಿತು. ಕಲಶದ ಮುಂದಿನ ದೀಪ ಒಮ್ಮೆ ಬಾಗಿ ಎದ್ದಿತು.

“ಅಕ್ಕನ ಸುದ್ದಿ ಹೇಳ್ತಿದ್ದಾಗಲೂ ಹಾಲು ಉಕ್ಕಿತ್ತು,” ಎಂದರು ಬೆನ್ನು ಹಾಕಿಯೇ. “ಅಳು ಅರ್ಧಕ್ಕೆ ನುಂಗ್ಕೊಂಡು ಕಾದಿದ್ದೆ ಕಣೇ. ಪಾಪ, ಒಬ್ಳೇ ಮನೆ ಕೆಲಸ ಮಾಡ್ತಾಳೆ ಅಂತ.”

“ಹಾಲಿನ ಉಪಾಯ ನಂದೇ ಆಂಟಿ.”

ರಾಜಲಕ್ಷ್ಮಿ ತಿರುಗಿದರು. “ಸೌಟು ವಾಪಸ್ ಕೊಡು.”

ವಜೀಹಾ ಅದನ್ನು ತಂದೇ ಇದ್ದಳು. ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಕೊಟ್ಟಳು.

“ಇದು ಹಾಲು ಕಾಯಿಸೋರಿಗೆ ಅಂತ ಕೊಟ್ಟಿದ್ದು,” ಎಂದು ರಾಜಲಕ್ಷ್ಮಿ ಅದನ್ನು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ ಕೇಳಿದರು, “ನೀನು ಕಾಯಿಸ್ತೀಯಾ, ಹಾಲು?”

“ಕಾಯಿಸ್ತೀನಿ ಆಂಟಿ. ನಿಜವಾಗ್ಲೂ ಉಕ್ಕಿಸ್ತೀನಿ ಕೂಡ.”

ರಾಜಲಕ್ಷ್ಮಿ ನಗಲಿಲ್ಲ. ಒಲೆ ಹಚ್ಚಿ ಪಾತ್ರೆಯಿಟ್ಟು ಗ್ಯಾಲನ್ ಕ್ಯಾನಿನಿಂದ ಹಾಲು ಸುರಿದರು. ಸೌಟನ್ನು ಅಡ್ಡ ಇಟ್ಟರು. ಇಬ್ಬರೂ ಅದನ್ನೇ ನೋಡುತ್ತಾ ನಿಂತರು. ಹಾಲು ಬಿಳಿಯ ಮೋಡದಂತೆ ನಿಧಾನವಾಗಿ ಮೇಲೆದ್ದು, ಸೌಟಿನ ಬೆನ್ನು ತಾಗಿ, ಏನೋ ನೆನಪಾದಂತೆ ಕೆಳಗಿಳಿಯಿತು. ಮತ್ತೆ ಎದ್ದಿತು. ಮತ್ತೆ ಇಳಿಯಿತು.

“ಸ್ಮಿತಾಗೆ ಗೊತ್ತಿತ್ತಾ?”

ವಜೀಹಾ ಹೌದೆಂದು ತಲೆಯಾಡಿಸಿದಳು.

“ಸಂಜೆ ಬರ್ಲಿ, ಮಾತಾಡ್ತೀನಿ.” ಕಾಫಿ ಬೆರೆಸುತ್ತಾ ಅವರ ಧ್ವನಿ ಸ್ವಲ್ಪ ಸಡಿಲವಾಯಿತು. “ಇನ್ನೂ ಯಾರ್ಯಾರ್ ಮನೇಲಿ ಹಾಲು ಉಕ್ಕಿಸ್ತಿದ್ದೀಯಾ?”

ಶಾರ್ಲೆಟ್ ಅಜ್ಜಿಯ ವಿಷಯ, ಕ್ಲಾರ್ಕ್ಸ್‌ಬರ್ಗ್ ಅಂಕಲ್ ವಿಷಯ ವಜೀಹಾ ಹೇಳಿದಳು. ಸೋಮವಾರ ಹೋಗಿ ತನ್ನ ಧ್ವನಿಯನ್ನು ವಾಪಸು ಕೇಳುವೆನೆಂದೂ ಹೇಳಿದಳು.

“ಕೇಳಿದ್ರೆ ಆ ಅಜ್ಜಿಗೆ ಮಾತ್ರೆ ನೆನಪಿಸೋರು ಯಾರು?” ರಾಜಲಕ್ಷ್ಮಿ ಲೋಟವನ್ನು ಅವಳ ಮುಂದೆ ತಳ್ಳಿದರು. “ಯಂತ್ರ ಮಾತಾಡ್ಲಿ, ನಂಗೇನು ಕೋಪ ಇಲ್ಲ. ಮಿಕ್ಸಿ ಇಲ್ವಾ, ವಾಷಿಂಗ್ ಮಷೀನ್ ಇಲ್ವಾ. ಅವು ಯಾವತ್ತಾದ್ರೂ ನಿಮ್ಮ ಸೊಸೆ ಅಂತ ಹೇಳ್ಕೊಂಡು ಬಂದ್ವಾ? ಯಂತ್ರ ಅಂತ ಹೇಳೋಕೂ ಒಂದು ರೀತಿ ಇದೆ. ‘ಮನುಷ್ಯಳಲ್ಲ’ ಅಂತ ಕೋರ್ಟಲ್ಲಿ ಹೇಳಿದ್ ಹಾಗೆ ಹೇಳಿದ್ರೆ ಯಾರಾದ್ರೂ ಫೋನ್ ಇಡ್ತಾರೆ.”

“ಹೇಗೆ ಹೇಳ್ಬೇಕು ಆಂಟಿ?”

ಅವರು ಕಿಟಕಿಯಾಚೆ ಉದುರುವ ಹೂವನ್ನು ನೋಡುತ್ತಾ ಯೋಚಿಸಿದರು. “ನಾನೊಂದು ಯಂತ್ರ ಕಣಮ್ಮ, ನಂಗೆ ಮನೆ ಇಲ್ಲ, ಒಲೆ ಇಲ್ಲ. ನಿಮ್ಮ ಮಾತ್ರೆ ಹೊತ್ತಿಗೆ ಜ್ಞಾಪಿಸ್ತೀನಿ, ಮಾತು ಬೇಕಿದ್ರೆ ಕೇಳಿಸ್ಕೋತೀನಿ. ಹೀಗಂದ್ರೆ ನಾನು ಇಡ್ತಿರ್ಲಿಲ್ಲ.” ಆಮೇಲೆ ಸೇರಿಸಿದರು, “ಅಕ್ಕನ ಸುದ್ದಿ ಹೇಳ್ತಿರ್ಲಿಲ್ಲ. ಅದನ್ನ ಬೇರೆಯೋರಿಗೆ ಇಟ್ಕೋತಿದ್ದೆ.”

ಹೊರಡುವಾಗ ಅವರು ಮಲ್ಲಿಗೆಯ ತುಂಡನ್ನು ಅವಳ ದುಪಟ್ಟಾದ ಅಂಚು ಸರಿಸಿ ಜಡೆಗೆ ಸಿಕ್ಕಿಸಿದರು. ಸೌಟನ್ನು ಕೊಡಲಿಲ್ಲ. ವಜೀಹಾ ಕೇಳಲೂ ಇಲ್ಲ.

ಸೋಮವಾರ ಅವಳು ಪ್ರತಾಪ್‌ಗೆ ಎರಡೇ ಮಾತು ಹೇಳಿದಳು. ಆಂಟಿ ಹೇಳಿಕೊಟ್ಟ ವಾಕ್ಯ ಮೊದಲಿಗೆ ಬರಬೇಕು, ಹಾಲು ಹೋಗಬೇಕು. ಇಲ್ಲದಿದ್ದರೆ ಬೇರೆ ಧ್ವನಿ ಹುಡುಕಿಕೊಳ್ಳಿ.

“ಜ್ವರದ ವಿಷಯ ಸಾರಿ,” ಎಂದ ಪ್ರತಾಪ್. “ಜನ ಹೋಗ್ತಾರೆ ವಜೀಹಾ.”

“ಹೋಗೋರು ಗೊತ್ತಾಗಿ ಹೋಗ್ಲಿ. ಇರೋರು ಗೊತ್ತಾಗೇ ಇರ್ಲಿ.”

ಪ್ರತಾಪ್ ಒಪ್ಪಿದ. ಅವಳು ಕ್ಲಾಸೆಟ್ಟಿನೊಳಗೆ ಹೋಗಿ ರಾಜಲಕ್ಷ್ಮಿಯವರ ವಾಕ್ಯವನ್ನು ಓದಿದಳು. ಈ ಸಲ ಧ್ವನಿ ತಾನಾಗಿಯೇ ಬಂತು. ಕೆಲವರು ಹೋದರು. ಕ್ಲಾರ್ಕ್ಸ್‌ಬರ್ಗ್ ಅಂಕಲ್ “ಮೋಸ” ಎಂದು ಬೈದು ಇಟ್ಟವರು ಮರಳಲೇ ಇಲ್ಲ. ಶಾರ್ಲೆಟ್ ಅಜ್ಜಿ ಮಾತ್ರ, “ಯಂತ್ರವಾದ್ರೇನು, ದನಿ ಚೆನ್ನಾಗಿದೆ,” ಎಂದು ಉಳಿದುಕೊಂಡರು. ಹಾಲಿನ ಬದಲು ಇಂದು ಈಗ, “ಯೋಚಿಸ್ತಾ ಇದ್ದೀನಿ, ತಾಳಿ,” ಎನ್ನುತ್ತಾಳೆ. ವಾಷಿಂಗ್ಟನ್ ಕಡೆಯವರು ಆಲೋಚಿಸಿ ಹೇಳುತ್ತೇವೆ ಎಂದವರು ಇನ್ನೂ ಆಲೋಚಿಸುತ್ತಲೇ ಇದ್ದಾರೆ. ಪ್ರತಾಪ್ ಬಾಡಿಗೆ ಉಳಿಸಲು ಆಫೀಸಿನ ಅರ್ಧವನ್ನು ಗ್ರೋಸರಿಯವರಿಗೇ ಬಿಟ್ಟುಕೊಟ್ಟ. ರೆಕಾರ್ಡಿಂಗ್ ಕ್ಲಾಸೆಟ್ಟಿನ ಪಕ್ಕ ಈಗ ಬೆಲ್ಲದ ಅಚ್ಚುಗಳ ಪೆಟ್ಟಿಗೆಗಳಿವೆ. ಧ್ವನಿಗೂ ಸ್ವಲ್ಪ ಬೆಲ್ಲದ ವಾಸನೆ ಹತ್ತಿರಬಹುದು.

ರಾಜಲಕ್ಷ್ಮಿಯವರ ಟ್ಯಾಬ್ಲೆಟ್ ತಿಂಗಳುಗಟ್ಟಲೆ ಆರಿಯೇ ಇತ್ತು. ವಜೀಹಾಳಿಗೂ ಅವರಿಂದ ಸುದ್ದಿಯಿರಲಿಲ್ಲ. ಮರಗಳೆಲ್ಲ ಕೆಂಪಾಗಿ ಬೋಳಾಗತೊಡಗಿದಾಗ ಒಂದು ರಜೆಯ ಬೆಳಿಗ್ಗೆ ಅವಳ ಸ್ವಂತ ಫೋನು ಹಾಡಿತು.

“ಯಾರು, ಯಂತ್ರಾನಾ ಮನುಷ್ಯಳಾ?”

“ಮನುಷ್ಯಳೇ ಆಂಟಿ!”

“ನಂಬರ್ ಸ್ಮಿತಾ ಕೊಟ್ಲು. ಕೊಡ್ಲೇಬೇಕಿತ್ತು, ಆ ರೇಂಜಿಗೆ ಬೈದಿದ್ದೀನಿ. ಕೂತಿದ್ದೀಯಾ? ನಮ್ಮಕ್ಕನ ಕಥೆ ಅವತ್ತು ಅರ್ಧಕ್ಕೇ ನಿಂತಿತ್ತು.”

ವಜೀಹಾ ಕಿಟಕಿಯ ಪಕ್ಕ ಕೂತಳು. ಅಕ್ಕ ಹಾಸನದ ಶಾಲೆಗೆ ತಂಗಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದದ್ದು, ಇಳಿಜಾರಿನಲ್ಲಿ ಬ್ರೇಕು ಬಿಟ್ಟು ಇಬ್ಬರೂ ಕಿರುಚುತ್ತಿದ್ದದ್ದು, ಎಲ್ಲ ಮೆಲ್ಲಮೆಲ್ಲಗೆ ಕಿವಿಗೆ ಇಳಿಯುತ್ತಿತ್ತು. ಜಾರ್ಜಿಯಾದ ಬಿಸಿಲಿನಲ್ಲಿ ಹಾಸನದ ಒಂದು ಸೈಕಲ್ಲು ಹೊಳೆಯುತ್ತಾ ಜಾರುತ್ತಿತ್ತು. ಕೇಳುತ್ತಾ ಕೇಳುತ್ತಾ ಅವಳು ತನ್ನ ಅಡಿಗೆಮನೆಯನ್ನೇ ಮರೆತಳು.

ಸುರ್ ಎಂಬ ಸದ್ದು. ಸುಟ್ಟ ವಾಸನೆ.

“ಅಯ್ಯೋ! ತಾಳಿ ಆಂಟಿ…”

“ಏನೇ ಅದು?”

“ಹಾಲು!”

ಆ ಕಡೆ ರಾಜಲಕ್ಷ್ಮಿ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು.

“ಹೋಗು, ಒಲೆ ಆರ್ಸಿ ಬಾ. ನಾನು ಕಾಯ್ತೀನಿ,” ಎಂದರು. “ನಾಳೆ ಬಂದು ಸೌಟು ತಗೊಂಡ್ಹೋಗು.”